ಔಷಧಿ ಲೆಕ್ಕ

ಕ್ಲೈವ್,

ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಹೆಪ್ಪುಗಟ್ಟಿದೆ, ನಾನು ಹೊರಟೆ. ಕೆಳಗಿನ ಹೊಲದಲ್ಲಿ ಈದ ಕುರಿ ಒಂದು ಮರಿಗೆ ಮೊಲೆ ಕೊಡುತ್ತಿಲ್ಲ. ಮರಿಯನ್ನು ಒಲೆಯ ಪಕ್ಕ ಮಲಗಿಸಿದ್ದೇನೆ, ಹತ್ತಕ್ಕೆ ಹಾಲು ಕುಡಿಸು. ಬಾಟಲಿ ತೊಳೆದಿಡು, ಮೊನ್ನೆಯ ಹಾಗೆ ಸಿಂಕಿನಲ್ಲಿ ಬಿಡಬೇಡ.

ಔಷಧಿ ಲೆಕ್ಕದ ಪರೀಕ್ಷೆಯ ಫಲಿತಾಂಶ ನಿನ್ನೆಯೇ ಬಂತು. ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ. ಇಪ್ಪತ್ತೂ ಸರಿ ಇರಬೇಕು, ಇದೇ ಮೂರನೆಯ ಮತ್ತು ಕೊನೆಯ ಸಲ. "ನಾನೂರು ಕುರಿಗೆ ಔಷಧಿ ಅಳೆದು ಕುಡಿಸ್ತೀಯ, ಕಾಗದ ಕಂಡ್ರೆ ಯಾಕೆ ನಡುಗ್ತೀಯೇ?" ಅಂತ ಸಂಜೆ ನಗಬೇಡ. ದಶಮಾಂಶದ ಚುಕ್ಕೆ ಒಂದಂಕಿ ಆಚೆ ಇಟ್ಟೆ. ಕಾಲೇಜಿನವರದು ತಪ್ಪಿಲ್ಲ. ಸೂಜಿಯಲ್ಲಿ ಅಷ್ಟು ತಪ್ಪಿದರೆ ಮಗು ಉಳಿಯುವುದಿಲ್ಲ.

ಇವತ್ತು ಸಮವಸ್ತ್ರ ವಾಪಸು ಕೊಟ್ಟು, ನರ್ಸಿಂಗ್ ಬಿಡುವ ಕಾಗದಕ್ಕೆ ಸಹಿ ಹಾಕುತ್ತೇನೆ. ಜೋಡಿ ಪದವಿಯಲ್ಲಿ ಉಳಿದ ಶಿಶುವಿಹಾರದ ಟೀಚರ್ ಓದನ್ನಷ್ಟೇ ಮುಗಿಸಬಹುದಂತೆ. ಬರೀ ಟೀಚರಮ್ಮ ನಮ್ಮೂರಿಗೆ ಆಗಲೇ ಇದ್ದಾಳೆ. ಸಕ್ಕರೆ ಕಾಯಿಲೆಯ ಮಗುವಿಗೆ ಸೂಜಿ ಹಾಕುವವರಿಲ್ಲ ಅಂತಲ್ಲವೇ ನೋರೀನಳ ಮೊಮ್ಮಗಳು ಟಿಲ್ಲಿಯನ್ನು ಶಿಶುವಿಹಾರದವರು ಸೇರಿಸಿಕೊಳ್ಳದೆ ಇದ್ದದ್ದು?

"ನೀನ್ ಓದ್ ಮುಗ್ಸೇ ಹೀದರ್, ನಮ್ ಟಿಲ್ಲಿಗೆ ನೀನೇ ಟೀಚರು, ನೀನೇ ನರ್ಸು" ಅಂತ ನೋರೀನ್ ಮೂರು ಚಳಿಗಾಲ ನಮ್ಮ ಮಕ್ಕಳಿಬ್ಬರನ್ನೂ ನೋಡಿಕೊಂಡಳು. ಇವತ್ತು ಅವರನ್ನು ಅಲ್ಲಿಗೆ ಕಳಿಸಬೇಡ, ನೀನೇ ಇಟ್ಟುಕೋ. ಫ್ರೀಜರಿನಲ್ಲಿರುವ ಅರ್ಧ ಕುರಿ ಅವಳಿಗೆ ಕೊಟ್ಟು ಬಾ. ಯಾಕೆ ಅಂತ ಕೇಳಿದರೆ, ಸಂಜೆ ಹೀದರ್ ಬಂದು ಹೇಳ್ತಾಳೆ ಅನ್ನು. ಅದರಿಂದ ಋಣ ತೀರುವುದಿಲ್ಲ, ಗೊತ್ತು. ಬರಿಗೈಲಿ ಅವಳ ಬಾಗಿಲಲ್ಲಿ ನಿಲ್ಲಲಾರೆ, ಅಷ್ಟೆ.

ಹೀದರ್