ಆಕಾಶಕ್ಕೆ ಯಾರೂ ಹಲ್ಲುಜ್ಜು ಅನ್ನಲ್ಲ

ಮಾರ್ಚ್ 3, ಸೋಮವಾರ. ಬೆಳಗ್ಗೆ 7.50

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಯಲ್ಲಿ ಒಂದು ಕಾಲುಚೀಲ. ಇನ್ನೊಂದು ಮಗಳ ಕಾಲಲ್ಲಿದೆ, ಅರ್ಧ. ಇಪ್ಪತ್ತು ನಿಮಿಷವಾಯಿತು.

ಶೂ ಹಾಕ್ಕೋ ಅಂದೆ. "ಉಹೂಂ." ಯಾಕೆ? "ಮೊಣಕಾಲು ಇನ್ನೂ ಮಲಗಿದೆ ಅಪ್ಪ." ಎಬ್ಬಿಸು. "ಎಬ್ಬಿಸಿದ್ರೆ ಅಳುತ್ತೆ." ಆಮೇಲೆ ಬಸವನಹುಳು ಆದಳು. ಕಂಬಳಿಯನ್ನು ಬೆನ್ನ ಮೇಲೆ ಹೊದ್ದು ಗೋಡೆಗುಂಟ ತೆವಳುತ್ತಿದ್ದಾಳೆ. ಹುಳುವಿಗೆ ಕಾಲೇ ಇಲ್ಲವಂತೆ, ಶೂ ಎಲ್ಲಿಗೆ ಹಾಕುವುದಂತೆ.

ಏಳು ವರ್ಷ. ಮಾತಿಗೆ ಬಡತನವಿಲ್ಲ. ಅವಳಮ್ಮ ಇಟ್ಟ ಅಡ್ಡಹೆಸರೇ ಉಹೂಂ, ಎಲ್ಲರೂ ಹಾಗೇ ಕರೆಯುತ್ತೇವೆ. ಅಮ್ಮನದು ನರ್ಸ್ ಕೆಲಸ, ಬೆಳಗಿನ ಶಿಫ್ಟ್. ಆರಕ್ಕೇ ಹೊರಟಾಯಿತು. ಈ ಹೊತ್ತು ನನ್ನ ಪಾಲು.

ಇವತ್ತೂ ಸ್ಕೂಲಿಗೆ ಲೇಟು.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಲೈಬ್ರರಿಯಲ್ಲಿ ಹರಿದ ಪುಸ್ತಕ ರಿಪೇರಿ ಮಾಡುವ ನನ್ನ ಕೋಣೆ. ಬೆನ್ನು ಕಿತ್ತುಹೋದ ಅಟ್ಲಾಸ್ ಒಂದನ್ನು ಹೊಲಿದು, ಅಂಟು ಹಚ್ಚಿ, ಪ್ರೆಸ್ಸಿನಡಿ ಇಟ್ಟಿದ್ದೇನೆ. ಒಣಗುವ ತನಕ ಮುಟ್ಟುವಂತಿಲ್ಲ. ಕಿಟಕಿಯ ಬೆಳಕಲ್ಲಿ ಕಾಗದದ ಧೂಳು ಇಳಿಯುತ್ತದೆ, ಯಾವ ಅವಸರವೂ ಇಲ್ಲದೆ. ಇಲ್ಲಿ ಮಾತ್ರ ಉಸಿರಾಟ ಸಲೀಸು.

ಬೆಳಗ್ಗೆ ಮಗಳ ಟೀಚರ್ ಕರೆಸಿದ್ದರು. ಲೇಟಾಗಿ ಬರುವ ವಿಷಯ. "ಬಂದ ಮೇಲೆ ಬಂಗಾರದಂಥ ಮಗು ಸಾರ್. ಎದುರು ಮಾತಿಲ್ಲ. ಮನೇಲಿ ಏನಾದ್ರೂ... ತೊಂದರೆ ಇದೆಯಾ?"

ಇದೆ ಅಂದೆ. ಸಂಜೆ ಮನೆ ಬಾಗಿಲು ಮುಚ್ಚಿದ ಕೂಡಲೇ ಆ ಬಂಗಾರ ಬ್ಯಾಗನ್ನು ಗೋಡೆಗೆ ಎಸೆಯುತ್ತದೆ, ನೆಲಕ್ಕೆ ಬಿದ್ದು ಒಂದು ಗಂಟೆ ಕಿರುಚುತ್ತದೆ ಅಂದೆ. ಟೀಚರ್ ನನ್ನನ್ನೇ ನೋಡಿದರು. ಆ ನೋಟದ ಅರ್ಥ ಗೊತ್ತಾಗದಷ್ಟು ದಡ್ಡನಲ್ಲ ನಾನು.

ಮಾರ್ಚ್ 9, ಭಾನುವಾರ

ಅಕ್ಕ ಬಂದಿದ್ದಳು. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೆಳೆಸಿದವಳು. "ತಲೆ ಮೇಲೆ ಕೂರಿಸ್ಕೊಂಡಿದೀಯ ಕಣೋ. ಸ್ವಲ್ಪ ಬಿಗಿ ಮಾಡು." ರಟ್ಟಿನ ಮೇಲೆ ಚಾರ್ಟ್ ಬರೆದು ಗೋಡೆಗೆ ಹಚ್ಚಿದಳು. ಹಲ್ಲುಜ್ಜಿದರೆ ಒಂದು ಸ್ಟಿಕ್ಕರ್ ನಕ್ಷತ್ರ, ಸ್ನಾನಕ್ಕೆ ಒಂದು, ಹೇಳಿದ ತಕ್ಷಣ ಶೂ ಹಾಕಿದರೆ ಎರಡು.

ಮಾರ್ಚ್ 11, ಮಂಗಳವಾರ

ನಿನ್ನೆ ಮೂರು ನಕ್ಷತ್ರ. ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು.

ಇವತ್ತು ಚಾರ್ಟ್ ಚೂರುಚೂರು. ಮಗಳು ಬಚ್ಚಲಿನ ಬಾಗಿಲಲ್ಲಿ ಅಂಗಾತ ಮಲಗಿದ್ದಳು. ಉಳಿದ ನಕ್ಷತ್ರವನ್ನೆಲ್ಲ ಹಣೆಗೆ, ಕೆನ್ನೆಗೆ, ಮುಚ್ಚಿದ ರೆಪ್ಪೆಗಳ ಮೇಲೆ ಅಂಟಿಸಿಕೊಂಡು.

"ಏನಿದು?"

"ನಾನು ಆಕಾಶ. ಆಕಾಶಕ್ಕೆ ಯಾರೂ ಹಲ್ಲುಜ್ಜು ಅನ್ನಲ್ಲ."

ನಗು ಬಂತು. ನಗುತ್ತಲೇ ಹತ್ತಿರ ಹೋದೆ. ಕೈ ಮುಟ್ಟಿದೆ. ತಣ್ಣಗಿತ್ತು, ಮುಷ್ಟಿ ಬಿಗಿದಿತ್ತು. ತಮಾಷೆ ಮಾಡುವ ಮಗು ಮುಷ್ಟಿ ಯಾಕೆ ಬಿಗಿಯಬೇಕು? ಕೇಳಲಿಲ್ಲ. ಟೈಮ್ ಆಗಿತ್ತು.

ಮಾರ್ಚ್ 15, ಶನಿವಾರ. ಸಂಜೆ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ಇನ್ನೂ ಕೆಟ್ಟದು.

ಇವತ್ತು ಅಕ್ವೇರಿಯಂಗೆ ಹೋಗುವ ದಿನ. ಕೇಳಿದ್ದು ಅವಳೇ. ಒಂದು ತಿಂಗಳಿಂದ ದಿನಕ್ಕೊಂದು ಮೀನು ಬರೆದು ದಿನ ಎಣಿಸಿದ್ದಾಳೆ. ಅವಳಮ್ಮ ರಜೆ ಹಾಕಿದ್ದಳು. ಮಗಳು ಐದಕ್ಕೇ ಎದ್ದು ನೀಲಿ ಅಂಗಿ ತೊಟ್ಟು ನಮ್ಮನ್ನು ಎಬ್ಬಿಸಿದಳು. ಎಂಟಕ್ಕೆ "ಹೊರಡೋಣ, ನಡಿ" ಅಂದೆ.

ಅಷ್ಟೇ. ಬಾಗಿಲ ಹೊಸ್ತಿಲಲ್ಲಿ ನಿಂತುಬಿಟ್ಟಳು. ಹೊಟ್ಟೆನೋವು ಅಂದಳು. ಮೀನುಗಳಿಗೆ ಇವತ್ತು ರಜೆ ಅಂದಳು. ಅಮ್ಮನ ಕೊರಳಿಗೆ ಜೋತುಬಿದ್ದು ಮುದ್ದಾಡಿದಳು. ಆಮೇಲೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಬೆರಳು ಬಿಡಿಸಿದೆ. ಎಳೆದೆ. ಕಚ್ಚಿದಳು. ಹೊಡೆದೆ. ಕೆನ್ನೆಗೆ.

ಅವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, ಬಲು ಸಣ್ಣ ದನಿಯಲ್ಲಿ, "ನಂಗೆ ಹೋಗ್ಬೇಕು ಅಪ್ಪಾ. ಹೋಗೋಕೆ ಆಗ್ತಿಲ್ಲ."

ಹಾಗಂದರೇನು? ಹೋಗಬೇಕು ಅಂತಿದ್ದರೆ ಹೋಗೋಕೆ ಯಾಕಾಗಲ್ಲ?

ಏಪ್ರಿಲ್ 2, ಬುಧವಾರ

ಆ ಶನಿವಾರದಿಂದ ಎರಡೂವರೆ ವಾರ. ಮಗಳು ಸ್ಕೂಲಿಗೆ ಹೋಗಿಲ್ಲ. ಸ್ಕೂಲು ಎಂಬ ಮಾತೆತ್ತಿದರೆ ಊಟದ ಮೇಜಿನಡಿ ಸೇರುತ್ತಾಳೆ. ನನ್ನ ಹತ್ತಿರ ಸುಳಿಯುವುದಿಲ್ಲ. ನಾನು ಸೋಫಾದ ಈ ತುದಿಗೆ ಕೂತರೆ ಅವಳು ಆ ತುದಿಯಿಂದ ಎದ್ದು ಹೋಗುತ್ತಾಳೆ.

ಸ್ಕೂಲಿನಿಂದ ಪತ್ರ: ಈ ತಿಂಗಳ ಕೊನೆಯೊಳಗೆ ಬಾರದಿದ್ದರೆ ಸೀಟು ಉಳಿಸುವುದು ಕಷ್ಟ.

ಇವತ್ತು ಹೆಂಡತಿ ಒಂದು ಮಾತು ಹೇಳಿದಳು. "ರೀ, ಗಮನಿಸಿದ್ರಾ? ಊಟಕ್ಕೆ ಬಾ ಅಂದ್ರೆ ಬರಲ್ಲ. ಏನೂ ಹೇಳ್ದೆ ತಟ್ಟೆನ ಕಿಟಕಿ ಹತ್ರ ಇಟ್ಟು ಬಂದೆ. ತಿಂದಿದಾಳೆ. ನೆಕ್ಕಿದ ಹಾಗಿದೆ ತಟ್ಟೆ." ಅವಳ ವಾರ್ಡಿಗೆ ಬರುವ ಮಕ್ಕಳ ಡಾಕ್ಟರನ್ನು ಕೇಳಿದ್ದಾಳಂತೆ. ಗುರುವಾರ, ಹತ್ತನೇ ತಾರೀಕು, ಕರೆದುಕೊಂಡು ಬನ್ನಿ ಅಂದರಂತೆ.

ಏಪ್ರಿಲ್ 10, ಗುರುವಾರ. ಸಂಜೆ

ನರೆತ ಜಡೆಯ ಹೆಂಗಸು. ಮಗಳು ಬಾಗಿಲಲ್ಲೇ ಬೆಕ್ಕಾಗಿ ಕೂತಳು. ಡಾಕ್ಟರ್ ಬಾ ಅನ್ನಲಿಲ್ಲ, ಹೆಸರೂ ಕೇಳಲಿಲ್ಲ. ನೆಲದ ಮೇಲೆ ಕೂತು ಮರದ ತುಂಡುಗಳನ್ನು ಜೋಡಿಸುತ್ತಾ ತಮ್ಮಷ್ಟಕ್ಕೆ ಗೊಣಗಿದರು: "ಈ ಸೇತುವೆ ನಿಲ್ತಾನೇ ಇಲ್ಲ. ಬೆಕ್ಕು ದಾಟೋವಷ್ಟು ಗಟ್ಟಿ ಇದೆಯೋ ಇಲ್ವೋ." ಐದು ನಿಮಿಷದಲ್ಲಿ ಬೆಕ್ಕು ಸೇತುವೆ ಕಟ್ಟುತ್ತಿತ್ತು, ಡಾಕ್ಟರಿಗೆ ಹೇಳಿಕೊಡುತ್ತಿತ್ತು.

ಆಮೇಲೆ ಅವಳನ್ನು ಅಮ್ಮನ ಜೊತೆ ಬಿಟ್ಟು ನನ್ನೊಡನೆ ಮಾತಾಡಿದರು. ಅಕ್ವೇರಿಯಂ ದಿನದ್ದನ್ನೂ ಹೇಳಿದೆ. ಹೊಡೆದದ್ದನ್ನೂ.

"ಹಟ ಮಾಡೋ ಮಗು ತನಗೆ ಬೇಡದ್ದನ್ನ ಬೇಡ ಅನ್ನುತ್ತೆ. ನಿಮ್ಮ ಮಗಳಿಗೆ ಆಸೆಪಟ್ಟಿದ್ದೂ ಮಾಡೋಕೆ ಆಗ್ತಿಲ್ಲವಲ್ಲ. ನೋಡಿ, ಅಲ್ಲಿದೆ ವ್ಯತ್ಯಾಸ."

ಅವಳ ಹೊಟ್ಟೆನೋವು, ಬಸವನಹುಳು, ಮುದ್ದು, ಕೊನೆಗೆ ಕಚ್ಚುವುದು — ಎಲ್ಲ ಒಂದೇ ದಾರದ್ದಂತೆ. ಮಾಡು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಒಳಗೆ ಗಾಬರಿ ಏಳುತ್ತದಂತೆ. ತಪ್ಪಿಸಿಕೊಳ್ಳಲು ಮೊದಲು ಜಾಣತನ ಹುಡುಕುತ್ತಾಳೆ, ಜಾಣತನ ಸಾಲದಾದಾಗ ಕೈಕಾಲು. ಸ್ಕೂಲಿನಲ್ಲಿ ಇಡೀ ದಿನ ಬಿಗಿಹಿಡಿದದ್ದನ್ನು ಮನೆಗೆ ಬಂದು ಬಿಡುತ್ತಾಳೆ. "ಕೆಲವು ಸಲ ಹೊಟ್ಟೆ ಹಸಿದ್ರೂ ಅದೇ ಒಂದು ಆರ್ಡರ್ ಥರ ಅನ್ಸುತ್ತೆ ಈ ಮಕ್ಕಳಿಗೆ."

ಹೆಸರು ಕೇಳಿದೆ. "ಪ್ಯಾಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್ ಅಂತಾರೆ, ಮಾಡು ಅಂದದ್ದರಿಂದೆಲ್ಲ ತಪ್ಪಿಸ್ಕೊಳ್ಳದೆ ಇರೋಕಾಗದ ಸ್ಥಿತಿ. ಆಟಿಸಂ ಇರೋ ಕೆಲವು ಮಕ್ಕಳಲ್ಲಿ ಕಾಣುತ್ತೆ. ಹೆಸರಿನ ಬಗ್ಗೆ ನಮ್ಮ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಇನ್ನೂ ಕೆಲವು ಸಲ ನೋಡ್ಬೇಕು ನಾನು. ಅಲ್ಲೀತನಕ ದಿನಾ ಬರೆದಿಡಿ. ಯಾವಾಗ, ಏನು ಹೇಳಿದಾಗ, ಏನಾಯ್ತು."

ಹೂಂ ಅಂದೆ. ಹೇಗೂ ಬರೆಯುವವನೇ ತಾನೆ.

ಏಪ್ರಿಲ್ 21, ಸೋಮವಾರ

ಹನ್ನೊಂದು ದಿನ. ಒಂದಕ್ಷರ ಬರೆದಿಲ್ಲ!

ಪ್ರತಿದಿನ ನೋಟ್‌ಬುಕ್ ತೆಗೆದೆ. ಪೆನ್ನು ಹುಡುಕಿದೆ. ಪೆನ್ನು ಸಿಕ್ಕಿದ ಮೇಲೆ ಬಾಯಾರಿಕೆಯಾಯಿತು. ಯಾರಿಗೂ ಅಲ್ಲದೆ ಬರೆಯುತ್ತಿದ್ದಾಗ ಹಗುರವಿದ್ದ ಪುಸ್ತಕ, ಬರೆದಿಡಿ ಅಂದ ಕೂಡಲೇ ಕಲ್ಲಾಯಿತು. ಹೆಂಡತಿಗೆ ಹೇಳಿದರೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಈಗ ಗೊತ್ತಾಯ್ತು ಯಾವ ಕಡೆಯಿಂದ ಬಂತು ಅಂತ!"

ನನ್ನದು ಒಂದು ಹನಿ. ಅವಳದು ಕೊರಳಮಟ್ಟದ ನೀರು. ಅದರಲ್ಲಿ ನಿಂತವಳಿಗೆ ನಾನು ಕಾಲುಚೀಲ ಹಾಕಿಸಲು ಹೊರಟಿದ್ದೆ.

ಏಪ್ರಿಲ್ 22, ಮಂಗಳವಾರ. ಬೆಳಗ್ಗೆ 9

ಎದ್ದಾಗಿನಿಂದ ನಾನು ಕೊಟ್ಟ ಆಜ್ಞೆಗಳನ್ನು ಎಣಿಸಿದೆ. ಏಳು, ಬಾ, ಕುಡಿ, ಚೆಲ್ಲಬೇಡ, ನೆಟ್ಟಗೆ ಕೂರು, ಆ ಕಡೆ ನೋಡಬೇಡ... ನಲವತ್ತಮೂರು. ಅದೂ ನಾನು ಹುಷಾರಾಗಿ ಮಾತಾಡಿದ ದಿನ. ನಮ್ಮ ಲೈಬ್ರರಿಯ ಮುಖ್ಯಸ್ಥೆ ದೊಡ್ಡ ಮೇಡಂ ನನಗೆ ಇಡೀ ವಾರದಲ್ಲಿ ಇಷ್ಟು ಹೇಳುವುದಿಲ್ಲ. ಹೇಳಿದ್ದರೆ ಎಂದೋ ಕೆಲಸ ಬಿಡುತ್ತಿದ್ದೆ.

ಉಹೂಂ ಎಂದು ಕರೆಯುವುದನ್ನೂ ನಿಲ್ಲಿಸಿದ್ದೇವೆ.

ಏಪ್ರಿಲ್ 26, ಶನಿವಾರ

ಹೊಸ ಭಾಷೆ ಕಲಿಯುತ್ತಿದ್ದೇವೆ. ಅದರಲ್ಲಿ "ಮಾಡು" ಇಲ್ಲ. ಹೆಂಡತಿಗೆ ಬೇಗ ಬಂತು. ಬಾಚಣಿಗೆ ಹಿಡಿದು, "ಈ ಕೂದಲಲ್ಲಿ ಯಾವುದೋ ಹಕ್ಕಿ ಗೂಡು ಕಟ್ಟಿರೋ ಹಾಗಿದೆಯಪ್ಪ, ಮೊಟ್ಟೆ ಇದೆಯೋ ಏನೋ" ಅಂದಳು, ಗೋಡೆಗೆ ಹೇಳಿದ ಹಾಗೆ. ಮಗಳು ತಾನೇ ಬಂದು ಬೆನ್ನು ಕೊಟ್ಟಳು. ಎಷ್ಟೋ ಹೊತ್ತು ಹಕ್ಕಿಯ ಮಾತು. ಪರದೆ ಗಾಳಿಗೆ ಉಬ್ಬುತ್ತಿತ್ತು. ಬಾಗಿಲ ಹೊರಗೆ ನಿಂತೇ ಇದ್ದೆ, ಒಳಗೆ ಹೋದರೆ ಹಾರಿಹೋದೀತು ಅಂತ.

ಏಪ್ರಿಲ್ 27, ಭಾನುವಾರ

ಕೆಟ್ಟ ದಿನ. ಮೇಜಿಗೆ ಬಂದು ಕೂತು ಊಟ ಮುಗಿಸಿದಳು, ಎಷ್ಟೋ ವಾರದ ಮೇಲೆ. ಖುಷಿಯಲ್ಲಿ "ಭಲೇ! ಎಷ್ಟು ಚೆನ್ನಾಗಿ ಉಂಡೆ!" ಅಂದೆ. ತಟ್ಟೆ ನೆಲಕ್ಕೆ ಬಿದ್ದು ಚೂರು, ಅವಳು ಮೇಜಿನಡಿಗೆ. ಹೊಗಳಿಕೆಯೂ ಆಜ್ಞೆಯೇ — ನಾಳೆಯೂ ಹೀಗೇ ಉಣ್ಣು ಎಂಬ ಆಜ್ಞೆ.

ಊಟಕ್ಕೆ ಬಂದಿದ್ದ ಅಕ್ಕ ನೋಡುತ್ತಿದ್ದಳು. "ಮಗುವಿಗೆ ಹೆದರೋ ಅಪ್ಪನ್ನ ಇವತ್ತೇ ನೋಡಿದ್ದು ನಾನು."

"ಹೆದರ್ಕೊಂಡಿರೋದು ಅವಳು ಅಕ್ಕ."

"ಯಾರಿಗೆ?"

ಮೇಜಿನ ಕೆಳಗಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಅಕ್ಕ ಬಗ್ಗಿ ಅದನ್ನು ಕಂಡಳು. ಚೂರುಗಳನ್ನು ಅವಳೇ ಆಯ್ದಳು.

ಏಪ್ರಿಲ್ 29, ಮಂಗಳವಾರ

ಡಾಕ್ಟರ ಪತ್ರ ಹಿಡಿದು ಸ್ಕೂಲಿಗೆ ಹೋದೆ. ಟೀಚರ್ ಎರಡು ಸಲ ಓದಿದರು. "ಕ್ಲಾಸಿನಲ್ಲಿ ಬಾಯಿ ಬಿಗಿಹಿಡ್ಕೊಂಡು ಕೂತಿರ್ತಾಳೆ. ವಿಧೇಯತೆ ಅಂದ್ಕೊಂಡಿದ್ದೆ ಸಾರ್." ದನಿ ತಗ್ಗಿತ್ತು. "ನಿಮ್ಮ ಬಗ್ಗೆಯೂ ಏನೇನೋ ಅಂದ್ಕೊಂಡಿದ್ದೆ."

ಸೀಟು ಉಳಿಯಿತು. ಜೂನ್‌ನಿಂದ ಹತ್ತಕ್ಕೆ, ತೋಟದ ಗೇಟಿನಿಂದ. ಯಾರೂ ಬಾ ಅನ್ನುವುದಿಲ್ಲ. ಬಂದರೆ ಬಂದಳು.

ಮೇ 10, ಶನಿವಾರ. ಮಧ್ಯಾಹ್ನ 3

ಅವಳಮ್ಮನಿಗೆ ಡ್ಯೂಟಿ. ಮಗಳನ್ನು ರಿಪೇರಿ ಕೋಣೆಗೆ ಕರೆದುಕೊಂಡು ಬಂದೆ. ಅಲ್ಲ, ನಾನು ಹೊರಟೆ, ಅವಳು ಹಿಂದೆ ಹತ್ತು ಹೆಜ್ಜೆ ಬಿಟ್ಟು ಬಂದಳು.

ಬಂದವಳೇ ಎತ್ತರದ ಸ್ಟೂಲ್ ಹತ್ತಿ ದೊಡ್ಡ ಮೇಡಂ ಆದಳು. ಕಿವಿಯ ಮೇಲೆ ಪೆನ್ಸಿಲ್. "ಏನ್ರೀ, ಅಂಟು ಹಚ್ಚಿ. ಅಷ್ಟಲ್ಲ. ಒರೆಸಿ. ದಾರ ಕತ್ತರಿಸಿ. ಯಾಕೆ ನಿಂತಿದೀರಿ?" ಎರಡು ಗಂಟೆ ಕುಣಿಸಿದಳು. ಎದ್ದು ಹೋಗಿಬಿಡೋಣ ಅನ್ನಿಸಿತು ನನಗೆ, ಆಟ ಅಂತ ಗೊತ್ತಿದ್ದೂ. ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಧೂಳು ಅವಳ ಕೂದಲ ಮೇಲೆ ಹೊಳೆಯುತ್ತಿತ್ತು.

ಇದ್ದಕ್ಕಿದ್ದಂತೆ, ಅದೇ ಮೇಡಂ ದನಿಯಲ್ಲಿ: "ನೀವು ನಿಮ್ಮ ಮಗಳಿಗೆ ಹೊಡೆದ್ರಂತೆ. ಹೌದಾ?"

ಸೂಜಿ ಕೆಳಗಿಟ್ಟೆ. "ಹೌದು ಮೇಡಂ."

"ಯಾಕೆ?"

"ಗೊತ್ತಿರ್ಲಿಲ್ಲ ಮೇಡಂ."

"ಏನು ಗೊತ್ತಿರ್ಲಿಲ್ಲ?"

"ಬೇಡ ಅಂತಿದಾಳೆ ಅಂದ್ಕೊಂಡೆ. ಆಗ್ತಿಲ್ಲ ಅಂತಿದ್ಳು. ಹೇಳಿದ್ಳು ಕೂಡ. ನನಗೇ ಕೇಳಿಸ್ಲಿಲ್ಲ. ತಪ್ಪಾಯ್ತು ಮೇಡಂ. ಅವಳದ್ದಲ್ಲ, ನನ್ನದು. ಇನ್ಯಾವತ್ತೂ ಹೊಡೆಯಲ್ಲ."

ಮೇಡಂ ಕಿವಿಯಿಂದ ಪೆನ್ಸಿಲ್ ತೆಗೆದು ರಟ್ಟಿನ ಚೂರಿನ ಮೇಲೆ ಏನೋ ಗೀಚಿದಳು. "ಬರ್ಕೊಂಡಿದೀನಿ," ಅಂದಳು. "ಕೆಲಸ ಮಾಡಿ."

ತಲೆ ಬಗ್ಗಿಸಿ ಹೊಲಿಯತೊಡಗಿದೆ. ಎರಡು ಹೊಲಿಗೆ ಸೊಟ್ಟ ಬಿದ್ದವು. ಮೇಡಂ ನೋಡಿದಳು, ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ಮೇ 18, ಭಾನುವಾರ. ಬೆಳಗ್ಗೆ 10.20

ಅಡುಗೆಮನೆ ಮೇಜು. ಹೆಂಡತಿ ಬಟ್ಟೆ ಒಣಹಾಕುತ್ತಿದ್ದಾಳೆ. ಯಾರಿಗೂ ಯಾವ ಅವಸರವೂ ಇಲ್ಲ. ಡಾಕ್ಟರಿಗೆ ಕೊಡಲು ಯಾವಾಗ ಏನಾಯ್ತು ಎಂಬ ಪಟ್ಟಿ ಮಾಡೋಣ ಅಂತ ಕೂತೆ. ಎರಡೇ ಸಾಲಾಗಿದೆ. ನಿನ್ನೆ ನಾಲ್ಕು ಸಲ ಕಿರುಚಾಟ, ಒಂದು ಲೋಟ ಒಡೆಯಿತು. ಹೀಗೆಲ್ಲ ಇದ್ದೇ ಇರುತ್ತದೆ ಅಂದಿದ್ದಾರೆ ಡಾಕ್ಟರ್. ಇರಲಿ.

ಮಗಳು ಬಂದಳು. ಕರೆದಿರಲಿಲ್ಲ. ಕುರ್ಚಿ ಎಳೆದು ಪಕ್ಕ ಕೂತಳು. ಎರಡು ತಿಂಗಳಾಗಿತ್ತು ಇಷ್ಟು ಹತ್ತಿರ ಬಂದು. ನೋಡಬಾರದು. ಬರೆಯುತ್ತಲೇ ಇರಬೇಕು.

"ಏನ್ ಬರೀತಿದೀಯ?"

"ಏನೇನೋ."

ಬರೆಯುತ್ತಿರುವ ಬಲತೋಳಿನ ಮೇಲೆಯೇ ತಲೆ ಇಟ್ಟಳು. ಭಾರವಾಗಿದೆ, ಬೆಚ್ಚಗಿದೆ. ಅಕ್ಷರಗಳು ಓರೆಯಾಗುತ್ತಿವೆ. ಕೈ ಅಲುಗಿದರೆ ಎದ್ದು ಹೋದಾಳು, ಅದಕ್ಕೇ ಇನ್ನು ಬರೆಯುವುದನ್ನು...