ಅಟ್ಟದ ಕಾಯಿ, ನಕ್ಷತ್ರದ ಲಿಥಿಯಂ

ನವೆಂಬರ್ ೧೮, ಮಂಗಳವಾರ

ಎಲ್ಲ ಧಾತುಗಳೂ ನಕ್ಷತ್ರಗಳೊಳಗೇ ಬೆಂದು ಹುಟ್ಟಿದವು ಎಂದು ಇಂದು ಒಂಬತ್ತನೆಯ ತರಗತಿಯಲ್ಲಿ ಪಾಠ ಹೇಳಿದೆ. ಬಿಳಿಗೆರೆಯ ನಿಸರ್ಗ ಕೈ ಎತ್ತಿ ಎದ್ದು ನಿಂತಳು. "ಸಾರ್, ಲಿಥಿಯಂ ಅಲ್ಲಿ ಸುಟ್ಟೋಗ್ತದಂತಲ್ಲ? ಅಟ್ಟದಲ್ಲಿ ವರ್ಷವಿಡೀ ಒಣಗೋ ಕಾಯಿ ಕೆಳಗಿನ ಒಲೆಗೆ ಬಿದ್ರೆ ಕೊಬ್ಬರಿ ಆಗ್ತದಾ?" ಮಕ್ಕಳು ನಕ್ಕರು. ನಾನೂ ನಕ್ಕು, "ಕೂತ್ಕೊಳಮ್ಮ, ಕೊಬ್ಬರಿ ಪಂಡಿತೆ" ಎಂದುಬಿಟ್ಟೆ. ಆಮೇಲೆ ಅವಳು ಕೈ ಎತ್ತಲೇ ಇಲ್ಲ.

ಸಂಜೆ ಓದಿದೆ. ಅವಳ ಮಾತೇ ಸರಿ. ನಕ್ಷತ್ರದ ಹೊರಪದರದಲ್ಲಿ ಉಳಿಯುವ ಲಿಥಿಯಂ ಒಳಗಿನ ಬೆಂಕಿಗಿಳಿದರೆ ನಾಶವಾಗುತ್ತದೆ. ಆದರೂ ಹಳೆಯ ನಕ್ಷತ್ರಗಳಿಗಿಂತ ಹೊಸವುಗಳಲ್ಲಿ ಅದು ಹೆಚ್ಚು. ಕೆಲವು ನಕ್ಷತ್ರಸ್ಫೋಟಗಳು ಹೊಸ ಲಿಥಿಯಂ ಅನ್ನು ಅದು ಸುಟ್ಟುಹೋಗುವ ಮೊದಲೇ ಹೊರಗೆಸೆಯುತ್ತವೆ ಎನ್ನುತ್ತಾರೆ. ಎಲ್ಲಿಂದ ಎಷ್ಟು ಬಂತೆಂಬ ಲೆಕ್ಕ ಮಾತ್ರ ಇನ್ನೂ ಪೂರ್ತಿ ಕೂಡಿಲ್ಲ.

ನಾಳೆ ಎಲ್ಲರೆದುರು ನನ್ನ ತಪ್ಪೊಪ್ಪಿ, ಆ ಕೂಡದ ಲೆಕ್ಕವನ್ನು ಅವಳ ಮುಂದಿಡುವೆ. ಆ ಕೈ ಮತ್ತೆ ಮೇಲೆದ್ದರೆ ಸಾಕು...