ಮೊದಲು ಬಂದ ಕಾಲು

೬ ಆಗಸ್ಟ್ ೨೦೧೨, ಭೀಮರಾಯನಗುಡಿ
ಎಂದಿನಂತೆ ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ಓದಲು ಇಳಿದೆ. ಪಾಚಿ ಮೆಟ್ಟಿಲು. ಬಲಗಾಲು ಸಂದಿಯಲ್ಲಿ ಸಿಕ್ಕಿ ತಿರುಚಿತು. ಉಳುಕು, ಅಷ್ಟೇ. ಕಾಲು ಮುಂದಾಗಿ ಹುಟ್ಟಿದವಳು ನಾನು; ಅಂಥವರು ತುಳಿದರೆ ನೋವು ಹೋಗುತ್ತದೆಂಬ ನಂಬಿಕೆ. ನಮ್ಮ ಕಾಲುವೆ ನೌಕರರ ಕ್ಯಾಂಪಿನಲ್ಲಿ ಯಾರಿಗೆ ಬೆನ್ನು ಹಿಡಿದರೂ, ಪಾದ ಉಳುಕಿದರೂ ನನ್ನಿಂದಲೇ ತುಳಿಸಿಕೊಂಡು ಹೋಗುತ್ತಾರೆ. ಈಗ ನನ್ನನ್ನು ತುಳಿಯುವವರಾರು? ಎಡಗಾಲಿನಿಂದ ನಾನೇ ತುಳಿದುಕೊಂಡೆ. ಜೀವ ಹೋದಂತಾಯಿತು. ನಗುವೂ ಬಂತು.

೨೪ ಆಗಸ್ಟ್
ಬಾವು ಇಳಿದಿಲ್ಲ. ಅಂಗಾಲಲ್ಲಿ ನೀಲಿ. ಅಪ್ಪ ಯಾದಗಿರಿಗೆ ಕರೆದೊಯ್ದ. ನಿಲ್ಲಿಸಿ ಎಕ್ಸ್‌ರೇ ತೆಗೆದರು. ಡಾಕ್ಟರ್ ನಸೀರುದ್ದೀನ ಕೇಳಿದರು: "ಎಲುಬು ಮುರದಿಲ್ರಿ. ನಡುಪಾದದ ಎಲುಬು ಹಿಡದಿದ್ದ ಲಿಗಮೆಂಟ್ ಹರದು ಹೋಗ್ಯದ. ಯಾರು ತುಳದ್ರು ಇದಕ್ಕ?"
ಎಡಗಾಲನ್ನು ಕುರ್ಚಿಯ ಕೆಳಗೆ ಸರಿಸಿದೆ.
"ಸ್ಕ್ರೂ ಹಾಕಿ ಆಮ್ಯಾಲ ತೆಗೀಬಹುದು. ಪ್ಲೇಟ್ ಹಾಕಬಹುದು. ತಡಾ ಮಾಡಿದ್ರ ಆ ಎಲುಬು ಒಂದಕ್ಕೊಂದು ಖಾಯಂ ಬೆಸೀಬೇಕಾಗ್ತದ. ಹಂಗss ಬಿಟ್ರ ಪಾದ ಕುಸೀತದ, ಜಲ್ಮಪೂರ್ತಿ ಕುಂಟು."
ಬೇಡವೆಂದು ಬಂದುಬಿಟ್ಟೆ. ಅವ್ವನನ್ನು ಕೊಂದ ಕಾಲು ಇದು. ನನ್ನನ್ನು ಹಡೆಯುತ್ತಲೇ ಹೋದಳು. ಕುಂಟಾದರೆ ಆಗಲಿ.

೨೬ ಆಗಸ್ಟ್
ಮಲಗಿದರೆ ಯಾರೋ ಪಾದ ಸವರುತ್ತಾರೆ — ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ. ಹಗಲಲ್ಲೂ. ತಣ್ಣನೆಯ ಕೈ. ಹೆದರಿಕೆಯಾಗುತ್ತದೆ. ಅವ್ವ ಲೆಕ್ಕ ತೀರಿಸಲು ಬಂದಿದ್ದಾಳೆ...

೨೯ ಸೆಪ್ಟೆಂಬರ್
ಅಪ್ಪನಿಗೆ ಹೇಳಿಯೇ ಬಿಟ್ಟೆ. ಅವ್ವ ಬರುತ್ತಾಳೆ, ನನ್ನ ಮೇಲೆ ಸಿಟ್ಟು ಅವಳಿಗೆ.
ಅಪ್ಪ ನನ್ನ ಬಲಪಾದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.
"ಹುಚ್ಚಿ ಇದ್ದಿ ಮೋನಮ್ಮ. ಸೂಲಗಿತ್ತಿ ಮಲ್ಲಾಬಾಯಿ ನನಗ ಹೇಳ್ಯಾಳ. ಮೊದಲ ಈ ಬಲಗಾಲು ಬಂತಂತ. ನಿಮ್ಮವ್ವ ಕೈ ಚಾಚಿ ಕಾಲಿನ ಹೆಬ್ಬೆರಳು ಹಿಡದಾಳ. 'ಕೂಸು ನಡಕೋತ ಬಂದದ' ಅಂತ ನಕ್ಕಾಳ. ನೀ ಪೂರಾ ಹೊರಗ ಬರೂದ್ರಾಗ ಆಕಿ ಇದ್ದಿಲ್ಲ. ನಿನ್ನ ಮಾರಿ ನೋಡಿಲ್ಲ ಆಕಿ. ಮುಟ್ಟಿದ್ದು ಇದೊಂದss ಕಾಲು. ಇದನ್ನ ಕುಂಟ ಮಾಡ್ಕೋತಿ?"
ಅತ್ತುಬಿಟ್ಟೆ. ಅಪ್ಪನೂ ಅತ್ತ.

೧ ಅಕ್ಟೋಬರ್, ಯಾದಗಿರಿ
ತಡವಾಯಿತಂತೆ. ಸ್ಕ್ರೂ ಹಾಕಿ ತೆಗೆಯುವ ಕಾಲ ಮೀರಿದೆ, ಬೆಸೆಯಲೇಬೇಕು. "ನಡುಪಾದ ಬಿಗಿ ಆಗ್ತದ. ಆದ್ರ ನಡೀತೀರಿ," ಎಂದರು ಡಾಕ್ಟರ್. ಆಗಲಿ ಎಂದೆ.

೪ ಅಕ್ಟೋಬರ್, ಮಧ್ಯಾಹ್ನ, ವಾರ್ಡು
ಮುಗಿಯಿತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಇನ್ನೂ ಇಳಿದಿಲ್ಲ. ಸೊಂಟದ ಕೆಳಗೆ ಏನೂ ತಿಳಿಯದು. ನರ್ಸ್ ಚಿವುಟಿ ನೋಡಿದಳು — ಇಲ್ಲ. ಬ್ಯಾಂಡೇಜಿನಿಂದ ಬೆರಳಷ್ಟೇ ಹೊರಗೆ.
ಈಗ ಯಾರೋ ಬಲಗಾಲಿನ ಹೆಬ್ಬೆರಳು ಹಿಡಿದರು. ಅಪ್ಪನಿರಬೇಕು ಎಂದು ತಲೆ ಎತ್ತಿದೆ. ಅಪ್ಪ ಚಹಾ ಹಿಡಿದು ಬಾಗಿಲಲ್ಲಿ ಬರುತ್ತಿದ್ದಾನೆ.
ಕೈ ಬಿಟ್ಟಿಲ್ಲ. ಇವತ್ತು ಬೆಚ್ಚಗಿದೆ. ಅವ್ವಾ, ನಾನು ನಡಕೋತ ಬಂದಾಕಿ, ನಡೀತೀನಿ.